ನೆತ್ತಿಯಲ್ಲೇ ನಿಲ್ಲದ ಮದ್ದು

ಬೋಳುತಲೆ ಗುಣಪಡಿಸುತ್ತೇನೆ ಎಂದು ನಮ್ಮ ದೇಶದಲ್ಲಿ ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. 1945ರ ಔಷಧ ನಿಯಮಗಳಲ್ಲಿ 106ನೆಯದು ಅದನ್ನು ಸ್ಪಷ್ಟವಾಗಿ ನಿಷೇಧಿಸುತ್ತದೆ. ಆ ನಿಯಮಕ್ಕೆ ಸೇರಿದ ‘ಶೆಡ್ಯೂಲ್ ಜೆ’ ಎಂಬ ಪಟ್ಟಿಯಲ್ಲಿ ಏಡ್ಸ್, ಕುರುಡುತನಗಳ ಸಾಲಿನಲ್ಲೇ ಬೋಳುತನದ ಹೆಸರೂ ಇದೆ, ಹೊಸ ಕೂದಲು ಬೆಳೆಸುವ ಮಾತೂ ಇದೆ. ಆದರೂ ಇಪ್ಪತ್ತೈದರ ಹುಡುಗನೊಬ್ಬ ಮೊಬೈಲಿನಲ್ಲಿ ಒಮ್ಮೆ ‘ಹೇರ್ ಫಾಲ್’ ಎಂದು ಹುಡುಕಿದನೋ, ಮುಂದಿನ ಒಂದು ವಾರ ಅವನ ಪರದೆಯ ತುಂಬ ಬೋಳುನೆತ್ತಿ ಮತ್ತು ತುಂಬುಗೂದಲಿನ ಜೋಡಿ ಫೋಟೊಗಳೇ. ಎರಡು ನಿಮಿಷದ ಪ್ರಶ್ನಾವಳಿ ತುಂಬಿದರೆ ಅವನ ಮನೆಬಾಗಿಲಿಗೆ ತಿಂಗಳ ಕಿಟ್ ಬಂದು ಬೀಳುತ್ತದೆ. ಅದರಲ್ಲಿ ಶಾಂಪೂ, ಬಯೋಟಿನ್ ಗುಳಿಗೆಗಳ ನಡುವೆ ಫಿನಾಸ್ಟರೈಡ್ ಎಂಬ ಸಣ್ಣ ಮಾತ್ರೆಯ ಸ್ಟ್ರಿಪ್ಪೋ, ಅದೇ ಮದ್ದು ಬೆರೆಸಿದ ದ್ರಾವಣದ ಸೀಸೆಯೋ ಇರುವುದುಂಟು. ಕಿಟ್‌ನಲ್ಲಿರುವ ಉಳಿದ ವಸ್ತುಗಳನ್ನು ಬಳಸಿದರೂ ಬಿಟ್ಟರೂ ದೇಹಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಈ ಮಾತ್ರೆಯ ಸಂಗತಿ ಹಾಗಲ್ಲ, ಅದು ಹಾರ್ಮೋನಿಗೆ ಕೈ ಹಾಕುತ್ತದೆ. ಕೂದಲಿಗೆ ಹಾರ್ಮೋನ್ ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಅದು ಕೆಲಸ ಮಾಡುತ್ತದೆ ಎಂಬ ಕಾರಣಕ್ಕೇ ಅದನ್ನು ಸೌಂದರ್ಯವರ್ಧಕಗಳ ಬುಟ್ಟಿಯಿಂದ ತೆಗೆದು ಔಷಧಿಯ ಶಿಸ್ತಿಗೆ ಒಳಪಡಿಸಬೇಕು ಎಂಬುದು ನನ್ನ ವಾದ.

ಗಂಡಸಿನ ತಲೆ ಬೋಳಾಗುವುದಕ್ಕೂ ಅವನ ಲೈಂಗಿಕ ಹಾರ್ಮೋನಿಗೂ ನಂಟಿದೆ ಎಂಬ ಗುಮಾನಿ ಬಹಳ ಹಳೆಯದು. ವೃಷಣ ತೆಗೆಸಿಕೊಂಡವರ ತಲೆ ಬೋಳಾಗುವುದಿಲ್ಲ ಎಂಬುದನ್ನು ಪ್ರಾಚೀನ ಗ್ರೀಕರೇ ಗಮನಿಸಿದ್ದರು. ಆ ಗುಮಾನಿಗೆ ಪುರಾವೆ ಒದಗಿದ್ದು 1942ರಲ್ಲಿ. ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರನ್ನು ಪರಿಶೀಲಿಸಿದ. ಅವರಲ್ಲಿ ಯಾರಿಗೂ ಸಾಮಾನ್ಯ ಬೋಳುತಲೆ ಬಂದಿರಲಿಲ್ಲ. ಅಂಥವರಿಗೆ ಟೆಸ್ಟೊಸ್ಟಿರೋನ್ ಚುಚ್ಚಿದಾಗ, ವಂಶದಲ್ಲಿ ಬೋಳುತಲೆ ಇದ್ದವರ ಕೂದಲು ಉದುರತೊಡಗಿತು, ವಂಶದಲ್ಲಿ ಇಲ್ಲದವರ ಕೂದಲು ಹಾಗೇ ಉಳಿಯಿತು. ಚುಚ್ಚುಮದ್ದು ನಿಲ್ಲಿಸಿದರೆ ಉದುರುವುದೂ ನಿಂತಿತು, ಆದರೆ ಹೋದ ಕೂದಲು ಮರಳಲಿಲ್ಲ. ಇವತ್ತಿನ ಚಿಕಿತ್ಸೆಯ ಬಲವೂ ಮಿತಿಯೂ ಈ ಒಂದು ಅಧ್ಯಯನದಲ್ಲೇ ಅಡಗಿವೆ. ಬೋಳಾಗಲು ವಂಶವೂ ಬೇಕು, ಹಾರ್ಮೋನೂ ಬೇಕು. ವಂಶವನ್ನು ಬದಲಿಸಲಾಗದು, ಹಾರ್ಮೋನನ್ನು ತಡೆಯಬಹುದು. ತಡೆದರೂ ಉಳಿಯುವುದು ಮುಖ್ಯವಾಗಿ ಇರುವ ಕೂದಲು. ಬೋಳುತಲೆಯವನಲ್ಲಿ ಗಂಡು ಹಾರ್ಮೋನ್ ಹೆಚ್ಚಿರುತ್ತದೆ ಎಂಬ ಕಟ್ಟೆಮಾತಿಗೂ ಇಲ್ಲಿ ಆಧಾರ ಸಿಗುವುದಿಲ್ಲ. ಹಾರ್ಮೋನ್ ಎಲ್ಲರಲ್ಲೂ ಇರುತ್ತದೆ, ಅದಕ್ಕೆ ಮಣಿಯುವ ಕೂದಲ ಬುಡ ಕೆಲವರಲ್ಲಿ ಮಾತ್ರ ಇರುತ್ತದೆ.

ಎರಡನೆಯ ಸುಳಿವು ಸಿಕ್ಕಿದ್ದು ಕೆರಿಬಿಯನ್ ದ್ವೀಪರಾಷ್ಟ್ರ ಡೊಮಿನಿಕನ್ ಗಣರಾಜ್ಯದ ಹಳ್ಳಿಗಾಡಿನಲ್ಲಿ. ಅಲ್ಲಿನ ಕೆಲವು ಕುಟುಂಬಗಳಲ್ಲಿ ಹುಟ್ಟುವಾಗ ಹೆಣ್ಣೆಂದು ಎಣಿಸಿ ಬೆಳೆಸಿದ ಮಕ್ಕಳು ಹರೆಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ಬಿಡಿಸಿಟ್ಟಿತು. ಟೆಸ್ಟೊಸ್ಟಿರೋನನ್ನು ಅದಕ್ಕಿಂತ ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟಿರೋನ್ ಆಗಿ ಮಾರ್ಪಡಿಸುವ ‘5-ಆಲ್ಫಾ ರಿಡಕ್ಟೇಸ್’ ಎಂಬ ಕಿಣ್ವದ ಕೊರತೆ ಅವರಲ್ಲಿ ಹುಟ್ಟಿನಿಂದಲೇ ಇತ್ತು. ಈ ಪ್ರಬಲ ರೂಪವನ್ನು ವೈದ್ಯರು ಚಿಕ್ಕದಾಗಿ ಡಿಎಚ್‌ಟಿ ಎನ್ನುತ್ತಾರೆ. ಆ ಮಕ್ಕಳ ಪ್ರಾಸ್ಟೇಟ್ ಗ್ರಂಥಿ ದೊಡ್ಡವರಾದ ಮೇಲೂ ಚಿಕ್ಕದಾಗೇ ಇತ್ತು, ತಲೆಯೂ ಬೋಳಾಗುತ್ತಿರಲಿಲ್ಲ. ಔಷಧ ಕಂಪನಿ ಮರ್ಕ್‌ಗೆ ದಾರಿ ತೋರಿದ್ದು ಇದೇ. ಕಿಣ್ವಕ್ಕೆ ತಡೆ ಹಾಕುವ ಫಿನಾಸ್ಟರೈಡ್ 1992ರಲ್ಲಿ 5 ಮಿಲಿಗ್ರಾಂ ಮಾತ್ರೆಯಾಗಿ, ಪ್ರಾಸ್ಟೇಟ್ ಊತದ ಮದ್ದಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. 1997ರ ಡಿಸೆಂಬರ್‌ನಲ್ಲಿ 1 ಮಿಲಿಗ್ರಾಂ ಮಾತ್ರೆಯಾಗಿ ಗಂಡಸರ ಬೋಳುತಲೆಗೂ ಒಪ್ಪಿಗೆ ಸಿಕ್ಕಿತು. ಮುದುಕರ ಮೂತ್ರದ ತೊಂದರೆಗೆ ಕೊಡುವ ಮದ್ದೂ ಯುವಕರ ಕೂದಲಿಗೆ ಕೊಡುವ ಮದ್ದೂ ಒಂದೇ, ಪ್ರಮಾಣವಷ್ಟೇ ಬೇರೆ ಎಂಬುದು ಕಿಟ್ ತರಿಸಿಕೊಳ್ಳುವ ಎಷ್ಟು ಮಂದಿಗೆ ಗೊತ್ತಿದ್ದೀತು?

ಮದ್ದು ಮಾಡುವ ಕೆಲಸ ಅರ್ಥವಾಗಬೇಕಾದರೆ ಒಂದು ಕೂದಲ ಬುಡವನ್ನು ಹತ್ತಿರದಿಂದ ನೋಡಬೇಕು. ತಲೆಯ ಪ್ರತಿ ಕೂದಲೂ ಎರಡರಿಂದ ಆರು ವರ್ಷ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುತ್ತದೆ. ಆಮೇಲೆ ಎರಡು ಮೂರು ವಾರಗಳಲ್ಲಿ ಬುಡ ಮುದುಡಿ, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಉದುರಿ ಹೊಸದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಬಾಚಣಿಗೆಗೆ ಬರುವುದು ಈ ಲೆಕ್ಕದಲ್ಲಿ ಸಹಜ. ವಂಶವಾಹಿಯ ಒಲವಿದ್ದವರಲ್ಲಿ ಡಿಎಚ್‌ಟಿ ಈ ಬೆಳವಣಿಗೆಯ ಅವಧಿಯನ್ನೇ ಸುತ್ತಿನಿಂದ ಸುತ್ತಿಗೆ ಮೊಟಕುಗೊಳಿಸುತ್ತದೆ. ಬುಡ ಕಿರಿದಾಗುತ್ತದೆ, ದಪ್ಪ ಕೂದಲಿನ ಜಾಗದಲ್ಲಿ ತೆಳ್ಳನೆಯದು, ಅದರ ಜಾಗದಲ್ಲಿ ಕಂಡೂ ಕಾಣದಂಥ ನವಿರು ಬರುತ್ತದೆ. ವಿಚಿತ್ರವೆಂದರೆ ಗಡ್ಡವನ್ನು ದಟ್ಟಗೊಳಿಸುವುದೂ ಇದೇ ಡಿಎಚ್‌ಟಿ. ತಲೆಯ ಹಿಂಭಾಗದ ಕೂದಲಂತೂ ಇದಕ್ಕೆ ಜಗ್ಗುವುದೇ ಇಲ್ಲ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೂ ಅದು ತನ್ನ ಹಳೆಯ ಗುಣ ಬಿಡುವುದಿಲ್ಲ ಎಂದು 1959ರಲ್ಲಿ ನಾರ್ಮನ್ ಒರೆನ್‌ಟ್ರೈಕ್ ತೋರಿಸಿದ ಮೇಲೆಯೇ ಕೂದಲು ಕಸಿ ಬೆಳೆದದ್ದು. ಫಿನಾಸ್ಟರೈಡ್ ನೆತ್ತಿಯ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡರಷ್ಟು ಇಳಿಸುತ್ತದೆ. ಮೂಲ ಪರೀಕ್ಷೆಗಳಲ್ಲಿ ಎರಡು ವರ್ಷ ಇದನ್ನು ನುಂಗಿದವರಲ್ಲಿ ಶೇ 83ರಷ್ಟು ಮಂದಿ ಕೂದಲಿನ ಸಂಖ್ಯೆಯನ್ನು ಉಳಿಸಿಕೊಂಡರು, ಹುಸಿಮಾತ್ರೆ ನುಂಗಿದವರಲ್ಲಿ ಶೇ 28ರಷ್ಟು ಮಂದಿ ಮಾತ್ರ. ತಲೆಗೆ ಹಚ್ಚುವ ಯಾವ ಎಣ್ಣೆಯ ಬೆನ್ನಿಗೂ ಇಂಥ ಅಂಕಿಯಿಲ್ಲ. ಆದರೆ ಮಾತ್ರೆ ಬಿಟ್ಟರೆ ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಕರಗುತ್ತದೆ. ಅಂದರೆ ಇಪ್ಪತ್ತೈದಕ್ಕೆ ಶುರು ಮಾಡಿದವನು ಕೂದಲು ಬೇಕೆನ್ನುವ ತನಕವೂ, ಬಹುಶಃ ಇಪ್ಪತ್ತು ಮೂವತ್ತು ವರ್ಷ, ದಿನಾ ಹಾರ್ಮೋನನ್ನು ತಡೆಯುತ್ತಲೇ ಇರಬೇಕು.

ನುಂಗಿದ ಮಾತ್ರೆಗೆ ನೆತ್ತಿಯ ವಿಳಾಸ ಮಾತ್ರ ಗೊತ್ತಿರುವುದಿಲ್ಲ. ಅದು ರಕ್ತದ ಡಿಎಚ್‌ಟಿಯನ್ನೂ ಶೇ 70ರ ಆಸುಪಾಸಿನಲ್ಲಿ ಇಳಿಸುತ್ತದೆ. ಮೂಲ ಪರೀಕ್ಷೆಗಳಲ್ಲೇ ಲೈಂಗಿಕ ಆಸಕ್ತಿ ಕುಂದುವುದು, ನಿಮಿರುವಿಕೆಯ ತೊಂದರೆ ಮುಂತಾದವು ಶೇ 3.8ರಷ್ಟು ಮಂದಿಯಲ್ಲಿ ಕಂಡಿದ್ದವು, ಹುಸಿಮಾತ್ರೆಯವರಲ್ಲಿ ಅದು ಶೇ 2.1. ಬಹುಪಾಲು ಮಂದಿಗೆ ಮಾತ್ರೆ ಬಿಟ್ಟ ಮೇಲೆ ಸರಿಹೋಯಿತು. ಕೆಲವರು ಬಿಟ್ಟ ಮೇಲೂ ಸರಿಹೋಗಲಿಲ್ಲ ಎಂದು ದೂರಿದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಕೆಯ ಬರಹವನ್ನು ವಿಸ್ತರಿಸಿತು. ಕಿಣ್ವದ ಕೆಲಸ ಲೈಂಗಿಕ ಅಂಗಗಳಲ್ಲಿ ಮುಗಿಯುವುದೂ ಇಲ್ಲ. ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಆಲೊಪ್ರೆಗ್ನನೊಲೋನ್ ಎಂಬ, ಮಿದುಳನ್ನು ಶಾಂತವಾಗಿಡುವ ರಾಸಾಯನಿಕ ತಯಾರಾಗುವುದಕ್ಕೂ ಇದೇ ಬಗೆಯ ಕಿಣ್ವ ಬೇಕು. ಹೆರಿಗೆಯ ನಂತರದ ಖಿನ್ನತೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬ್ರೆಕ್ಸನೊಲೋನ್ ಎಂಬ ಔಷಧ ಈ ರಾಸಾಯನಿಕವೇ. ಒಂದೆಡೆ ಖಿನ್ನತೆ ಇಳಿಸಲು ರಕ್ತನಾಳಕ್ಕೆ ಹನಿಸಿದ ವಸ್ತುವನ್ನು ಇನ್ನೊಂದೆಡೆ ಕೂದಲಿನ ಮಾತ್ರೆ ಕಡಿಮೆ ಮಾಡೀತು ಎಂಬ ಶಂಕೆಗೆ ಹೀಗೊಂದು ಜೈವಿಕ ನೆಲೆಯಿದೆ. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷಾ ಸಮಿತಿ ದಾಖಲೆಗಳನ್ನೆಲ್ಲ ಪರಿಶೀಲಿಸಿ, ಆತ್ಮಹತ್ಯೆಯ ಯೋಚನೆ ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮಗಳಲ್ಲಿ ಒಂದು ಎಂದು ಖಚಿತಪಡಿಸಿತು.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಯುರೋಪಿನ ಸಮಿತಿ ಪರಿಗಣಿಸಿದ ಪ್ರಕರಣಗಳು ಮುನ್ನೂರಕ್ಕೆ ಸ್ವಲ್ಪ ಹೆಚ್ಚು. ಎದುರಿಗಿದ್ದ ಬಳಕೆಯ ಅಂದಾಜು 27 ಕೋಟಿ ರೋಗಿ-ವರ್ಷಗಳಷ್ಟು (ಒಬ್ಬ ಒಂದು ವರ್ಷ ಬಳಸಿದರೆ ಒಂದು ರೋಗಿ-ವರ್ಷ). ಇಷ್ಟು ಅಪರೂಪದ ಸಂಗತಿಗೆ ಗುಲ್ಲೆಬ್ಬಿಸಿ ಉಪಯೋಗವಾಗುವ ಮದ್ದಿನಿಂದ ಜನರನ್ನು ಓಡಿಸುವುದು ಸರಿಯೇ ಎಂದು ಅನೇಕ ಚರ್ಮವೈದ್ಯರು ಕೇಳುತ್ತಾರೆ. ಭಯವೇ ಅಡ್ಡಪರಿಣಾಮ ತರುತ್ತದೆ ಎಂಬುದಕ್ಕೂ ಪುರಾವೆಯಿದೆ. 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಪ್ರಾಸ್ಟೇಟ್ ತೊಂದರೆಯವರಿಗೆ ಇದೇ ಮದ್ದು ಕೊಟ್ಟು, ಅರ್ಧದಷ್ಟು ಜನರಿಗೆ ಮಾತ್ರ ಲೈಂಗಿಕ ತೊಂದರೆಯ ಸಾಧ್ಯತೆ ಹೇಳಲಾಯಿತು. ಹೇಳಿಸಿಕೊಂಡವರಲ್ಲಿ ಸುಮಾರು ಶೇ 44, ಹೇಳಿಸಿಕೊಳ್ಳದವರಲ್ಲಿ ಸುಮಾರು ಶೇ 15 ಮಂದಿ ತೊಂದರೆ ಇದೆಯೆಂದರು. ಹಾಗಾದರೆ ಹೇಳದಿರುವುದೇ ಲೇಸೇ? ಅಲ್ಲವೆಂದು ನನ್ನ ಉತ್ತರ, ಕಾರಣವೂ ಆ ಅಂಕಿಗಳಲ್ಲೇ ಇದೆ. ಏನೂ ಗೊತ್ತಿಲ್ಲದ ಶೇ 15 ಮಂದಿಯ ತೊಂದರೆಗೆ ಕಿವಿಮಾತಿನ ಭಯ ಕಾರಣವಾಗಿರಲು ಸಾಧ್ಯವಿಲ್ಲ. ಅವರಲ್ಲಿ ಕೆಲವರದು ವಯಸ್ಸಿನ ತೊಂದರೆ, ಕೆಲವರದು ಮದ್ದಿನದು, ಯಾರದು ಯಾವುದು ಎಂದು ಬಿಡಿಸಲು ಎದುರಿಗೊಬ್ಬ ವೈದ್ಯ ಬೇಕು. ಅಪರೂಪ ಎಂಬ ಮಾತಿನ ತೂಕವೂ ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತದೆ. ಕ್ಯಾನ್ಸರ್ ಮದ್ದಿನಲ್ಲಿ ಶೇ 5ರ ಅಪಾಯವನ್ನು ಒಪ್ಪಿಕೊಳ್ಳುವವನು, ಜೀವಕ್ಕೆ ಕುತ್ತಿಲ್ಲದ ಬೋಳುತಲೆಗೆ ಅಷ್ಟೇ ಅಪಾಯವನ್ನು ಒಪ್ಪುವನೋ ಇಲ್ಲವೋ ಎಂಬುದನ್ನು ಅವನೇ ತೀರ್ಮಾನಿಸಬೇಕು. ತೀರ್ಮಾನಿಸಲು ಅವನಿಗೆ ವಿಷಯ ತಿಳಿದಿರಬೇಕು.

ಮಾತ್ರೆ ಬೇಡ, ನೆತ್ತಿಗಷ್ಟೇ ಹಚ್ಚಿದರೆ ಸಾಕಲ್ಲ ಎಂಬುದು ಎರಡನೆಯ ಆಕ್ಷೇಪ. ಈಗ ಮಾರುಕಟ್ಟೆಯ ಒಲವೂ ಆ ಕಡೆಗೇ. ಹಚ್ಚುವ ಫಿನಾಸ್ಟರೈಡ್ ರಕ್ತಕ್ಕೆ ಇಳಿಯುವುದು ಕಡಿಮೆ ಎಂಬುದು ನಿಜ. ಮಾತ್ರೆ ಮತ್ತು ಸ್ಪ್ರೇ ಎರಡನ್ನೂ ಹೋಲಿಸಿದ ಯುರೋಪಿನ ದೊಡ್ಡ ಪರೀಕ್ಷೆಯಲ್ಲಿ ರಕ್ತದ ಡಿಎಚ್‌ಟಿ ಮಾತ್ರೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದರೆ, ಸ್ಪ್ರೇ ಹಚ್ಚಿದವರಲ್ಲಿ ಮೂರನೇ ಒಂದರಷ್ಟು ಇಳಿಯಿತು. ಕಡಿಮೆ ಹೌದು, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದೂ ಅಳತೆಮಾಡಿ ತಯಾರಿಸಿದ, ಅಳತೆಮಾಡಿ ಹಚ್ಚಿದ ಸ್ಪ್ರೇಯ ಫಲ. ಅಂಗಡಿಯಲ್ಲೇ ಬೆರೆಸಿ ಆನ್‌ಲೈನಿನಲ್ಲಿ ಮಾರುವ ದ್ರಾವಣಗಳ ಬಗ್ಗೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. 2019ರಿಂದ 2024ರವರೆಗೆ ತನಗೆ ಬಂದ 32 ದೂರುಗಳಲ್ಲಿ ಖಿನ್ನತೆ, ಆತಂಕ, ಲೈಂಗಿಕ ತೊಂದರೆಗಳಿವೆ ಎಂದಿತು. ಹಚ್ಚುವುದಾದ್ದರಿಂದ ಅಪಾಯವಿಲ್ಲ ಎಂದು ತಮಗೆ ಹೇಳಲಾಗಿತ್ತೆಂದು ಕೆಲವರು ದೂರಿದ್ದರು. ಹಚ್ಚುವ ಮದ್ದಿನ ಇನ್ನೊಂದು ಗುಣ ಅದು ದಿಂಬಿಗೆ, ಬಾಚಣಿಗೆಗೆ, ಪಕ್ಕದವರ ಕೈಗೂ ತಾಕುವುದು. ಗರ್ಭಿಣಿಯ ಮೈಗೆ ಈ ಮದ್ದು ಸೇರಿದರೆ ಹೊಟ್ಟೆಯಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆ ಕೆಡಬಹುದು. ಕಾರಣ ಡೊಮಿನಿಕನ್ ಕುಟುಂಬಗಳಲ್ಲಿ ಕಂಡದ್ದೇ. ದುಡ್ಡು ಉಳಿಸಲು 5 ಮಿಲಿಗ್ರಾಂ ಮಾತ್ರೆಯನ್ನು ಅಡುಗೆಮನೆಯ ಚಾಕುವಿನಿಂದ ನಾಲ್ಕಾಗಿ ಸೀಳುವವರಿದ್ದಾರೆ. ಲೇಪವಿರುವ ಇಡೀ ಮಾತ್ರೆಯನ್ನು ಮುಟ್ಟಿದರೆ ತೊಂದರೆಯಿಲ್ಲ, ಸೀಳಿದಾಗ ಕಟ್ಟೆಯ ಮೇಲೆ ಉದುರುವ ಪುಡಿಯನ್ನು ಬಸುರಿ ಹೆಂಡತಿ ಒರೆಸುವಂತಾಗಬಾರದು. ಶಾಂಪೂ ಕೊಳ್ಳುವಾಗ ಇಂಥ ಮಾತು ಯಾರೂ ಹೇಳಬೇಕಿಲ್ಲ, ಈ ಮದ್ದು ಕೊಡುವಾಗ ಹೇಳಲೇಬೇಕು.

ಹೆಂಗಸರ ವಿಷಯಕ್ಕೆ ಬಂದರೆ ಹಾರ್ಮೋನ್ ಕತೆ ಇನ್ನಷ್ಟು ತೊಡಕಿನದು, ಕಿಟ್ ವ್ಯಾಪಾರ ಇನ್ನಷ್ಟು ಹಗುರವಾದದ್ದು. ಬಸುರಿನಲ್ಲಿ ಏರಿದ ಈಸ್ಟ್ರೊಜೆನ್ ಕೂದಲನ್ನು ಬೆಳವಣಿಗೆಯ ಹಂತದಲ್ಲೇ ಹಿಡಿದಿಟ್ಟಿರುತ್ತದೆ. ಹೆರಿಗೆಯಾಗಿ ಅದು ಇಳಿದಾಗ ತಡೆದಿದ್ದದ್ದೆಲ್ಲ ಎರಡು ಮೂರು ತಿಂಗಳಲ್ಲಿ ಒಟ್ಟಿಗೆ ಉದುರುತ್ತದೆ. ಬಾಣಂತಿ ಗಾಬರಿಯಾಗುತ್ತಾಳೆ, ಆದರೆ ಒಂದು ವರ್ಷದೊಳಗೆ ಹೆಚ್ಚಿನಂಶ ತಾನಾಗೇ ಮರಳುತ್ತದೆ. ಥೈರಾಯ್ಡ್ ಏರಿದರೂ ಇಳಿದರೂ ಕೂದಲು ಉದುರುತ್ತದೆ, ಅಲ್ಲಿ ಕೊಡಬೇಕಾದ್ದು ಥೈರಾಯ್ಡ್ ಮದ್ದು. ಮುಟ್ಟು ಏರುಪೇರಾಗಿ, ಮುಖದ ಮೇಲೆ ರೋಮ ಬಂದು, ನೆತ್ತಿಯ ಬೈತಲೆ ಅಗಲವಾಗುತ್ತಿದ್ದರೆ ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ ಇರಬಹುದು. ಕಬ್ಬಿಣಾಂಶ ಕುಸಿದು ರಕ್ತಹೀನತೆಯಾಗಿದ್ದರೆ ಹಾರ್ಮೋನಿನ ಮಾತೇ ಬೇಡ. ಗಂಡಸರಿಗೆ ಹೊಂದಿದ ಮದ್ದು ಇವರಿಗೂ ಹೊಂದುತ್ತದೆ ಎನ್ನುವಂತಿಲ್ಲ. ಮುಟ್ಟು ನಿಂತ 137 ಮಹಿಳೆಯರಿಗೆ ಒಂದು ವರ್ಷ 1 ಮಿಲಿಗ್ರಾಂ ಫಿನಾಸ್ಟರೈಡ್ ಕೊಟ್ಟು ನೋಡಿದ, 2000ದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೆಲವು ಹೆಂಗಸರಿಗೆ ಉಪಯೋಗವಾಗುತ್ತದೆ. ಅದನ್ನು ಕೊಡುವ ವೈದ್ಯರು ರಕ್ತದೊತ್ತಡ ನೋಡಿ, ಅಗತ್ಯವಿದ್ದಲ್ಲಿ ಪೊಟಾಸಿಯಂ ಪರೀಕ್ಷಿಸಿ, ಬಸುರಾಗದಂತೆ ಎಚ್ಚರ ಹೇಳುತ್ತಾರೆ. ಕಾರಣ ಹುಡುಕುವ ಕೆಲಸವೇ ಇಲ್ಲಿ ಚಿಕಿತ್ಸೆಯ ಅರ್ಧ ಭಾಗ, ಎರಡು ನಿಮಿಷದ ಪ್ರಶ್ನಾವಳಿ ಕೈಬಿಡುವುದೂ ಅದನ್ನೇ.

ಇಷ್ಟೆಲ್ಲ ರಗಳೆ ಏಕೆ, ಕೂದಲು ಹೋದರೆ ಹೋಗಲಿ, ಇಲ್ಲವೇ ನಮ್ಮ ಎಣ್ಣೆ, ಭೃಂಗರಾಜ, ದಾಸವಾಳದ ಎಲೆಗಳೇ ಸಾಲದೇ ಎಂಬುದು ಮೂರನೆಯ ಮಾತು. ಮೊದಲರ್ಧವನ್ನು ಹೇಳುವವರು ಸಾಮಾನ್ಯವಾಗಿ ತಲೆತುಂಬ ಕೂದಲಿರುವವರು. ಹೆಣ್ಣು ನೋಡಲು ಹೋದ ಬೋಳುತಲೆಯ ಹುಡುಗನ ಪಾಡು ನಮ್ಮಲ್ಲಿ ನಗೆಯ ಸರಕು. 2017ರ ‘ಒಂದು ಮೊಟ್ಟೆಯ ಕಥೆ’ ಸಿನಿಮಾ ಮಂಗಳೂರಿನ ಕನ್ನಡ ಮೇಷ್ಟ್ರೊಬ್ಬನ ಮೂಲಕ ಆ ನಗೆಯ ಕೆಳಗಿನ ನೋವನ್ನು ತೋರಿಸಿದ್ದರಿಂದಲೇ ಅಷ್ಟು ಜನರಿಗೆ ಹಿಡಿಸಿತು. ಆ ನೋವಿಗೆ ಮದ್ದು ಬಯಸುವುದು ಶೋಕಿ ಎಂದು ಹೀಗಳೆಯುವುದು ಸುಲಭ, ನ್ಯಾಯವಲ್ಲ. ಇನ್ನು ಎಣ್ಣೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ತಯಾರಿಸುವ ಕೂದಲ ಎಣ್ಣೆ ಸಾಮಾಜಿಕ ಜಾಲತಾಣಗಳ ಮೂಲಕ ದೇಶದಾಚೆಗೂ ಹೆಸರಾಗಿದೆ, ಒಂದು ಸಮುದಾಯಕ್ಕೆ ಸಂಪಾದನೆಯ ದಾರಿಯಾಗಿದೆ. ಎಣ್ಣೆ ಕೂದಲ ಎಳೆಗೆ ಜಿಡ್ಡು ಕೊಟ್ಟು, ತುಂಡಾಗುವುದನ್ನು ತಡೆದು, ಹೊಳಪು ತರಬಲ್ಲದು. ಹಣೆಯ ಅಂಚಿನಲ್ಲಿ ಮುದುಡುತ್ತಿರುವ ಬುಡಕ್ಕೆ ರಕ್ತದ ಮೂಲಕ ತಲುಪುತ್ತಿರುವ ಡಿಎಚ್‌ಟಿಯನ್ನು ಎಣ್ಣೆ ತಡೆಯುತ್ತದೆ ಎಂದು ತೋರಿಸುವ ಗಟ್ಟಿ ಪುರಾವೆ ನಮ್ಮ ಕೈಯಲ್ಲಿಲ್ಲ. ನಿಸರ್ಗದ್ದಾದ್ದರಿಂದ ನಿರಪಾಯ ಎಂಬ ಮಾತನ್ನೂ ಇಲ್ಲಿ ಬಿಡಬೇಕು, ಕೂದಲು ಉದುರಿಸುತ್ತಿರುವ ಹಾರ್ಮೋನೂ ನಿಸರ್ಗದ್ದೇ ತಾನೇ.

ಗಂಭೀರವಾಗಿ ಯೋಚಿಸಬೇಕಾದ ಕೊನೆಯ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಚರ್ಮರೋಗ ತಜ್ಞರೆಲ್ಲ ದೊಡ್ಡ ಊರುಗಳಲ್ಲೇ ಇದ್ದಾರೆ. ಯಾದಗಿರಿಯ ತಾಲ್ಲೂಕು ಕೇಂದ್ರದ ಹುಡುಗನಿಗೆ ಅವರನ್ನು ನೋಡಲು ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಕನ್ಸಲ್ಟೇಶನ್ ಫೀಸು ಎಲ್ಲ ಸೇರಿ ದೊಡ್ಡ ಖರ್ಚು. ಮೊಬೈಲಿನಲ್ಲಿ ಸಿಗುವ ಚಿಕಿತ್ಸೆಗೆ ಅಡ್ಡಿ ಹಾಕಿದರೆ ಅವನಿಗೆ ಉಳಿಯುವುದು ಮೆಡಿಕಲ್ ಶಾಪಿನವನ ಸಲಹೆ ಅಥವಾ ಸಂತೆಯ ಎಣ್ಣೆ. ಈ ಮಾತನ್ನು ಒಪ್ಪುತ್ತೇನೆ, ಆದ್ದರಿಂದ ಆನ್‌ಲೈನ್ ಚಿಕಿತ್ಸೆಯನ್ನು ಮುಚ್ಚಿಸಿ ಎನ್ನುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ದೂರದಿಂದ ಚಿಕಿತ್ಸೆ ಕೊಡಲು ಅವಕಾಶ ಕೊಡುತ್ತಲೇ, ಎದುರಿಗೆ ಕುಳಿತು ನೋಡುವಾಗಿನ ವೃತ್ತಿಧರ್ಮವೇ ಅಲ್ಲಿಯೂ ಅನ್ವಯ ಎನ್ನುತ್ತದೆ. ಆ ಧರ್ಮ ಪಾಲಿಸಿದರೆ ಸಾಕು. ಆದರೆ ಗಿರಾಕಿ ತಿಂಗಳ ಚಂದಾದಾರನಾಗಿ ಉಳಿಯುವುದೇ ಲಾಭವಾದ ಕಡೆ, ನಿಲ್ಲಿಸಿ ನೋಡೋಣ ಎನ್ನುವ ಮಾತು ಯಾರ ಬಾಯಿಂದ ಬಂದೀತು? ಹಾಲಿನ ಪ್ಯಾಕೆಟ್ಟಿನಂತೆ ಬಾಗಿಲಿಗೆ ಬರುವ ಮದ್ದಿನ ಬಗ್ಗೆ, ಆರು ತಿಂಗಳಾಯಿತು, ಮನಸ್ಸು ಹೇಗಿದೆ, ಸಂಸಾರ ಹೇಗಿದೆ ಎಂದು ವಿಚಾರಿಸುವ ಹೊಣೆ ಮಾರುವವರ ಮೇಲೆ ಇರಬೇಕು.

ಆಗಬೇಕಾದ್ದು ದೊಡ್ಡ ಕೆಲಸವೇನೂ ಅಲ್ಲ. ಯುರೋಪಿನಲ್ಲಿ 1 ಮಿಲಿಗ್ರಾಂ ಮಾತ್ರೆಯ ಪೊಟ್ಟಣದೊಳಗೆ ಎಚ್ಚರಿಕೆಯ ಕಾರ್ಡು ಇಡಬೇಕೆಂದು 2025ರಲ್ಲಿ ತೀರ್ಮಾನವಾಯಿತು. ಮನಸ್ಸು ಕುಗ್ಗಿದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಿ, ಲೈಂಗಿಕ ತೊಂದರೆಯಾದರೆ ತಿಳಿಸಿ ಎಂಬ ಧಾಟಿಯ ನಾಲ್ಕು ಸಾಲು. ಅಂಥ ಕಾರ್ಡು ಇಲ್ಲಿಯೂ ಬೇಕು, ಕರ್ನಾಟಕದಲ್ಲಿ ಮಾರುವ ಪೊಟ್ಟಣದಲ್ಲಿ ಅದು ಕನ್ನಡದಲ್ಲಿರಬೇಕು. ಚೀಟಿ ಬರೆಯುವ ಮೊದಲು ಖಿನ್ನತೆಯ ಇತಿಹಾಸ ಇದೆಯೇ, ಮಗು ಪಡೆಯುವ ಯೋಚನೆಯಿದೆಯೇ ಎಂಬ ಎರಡು ಪ್ರಶ್ನೆಯನ್ನು ವೈದ್ಯರೇ ಕೇಳಿ ಬರೆದಿಡಬೇಕು. ಈ ಮಾತ್ರೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತದೆ. ಐವತ್ತರಲ್ಲಿ ರಕ್ತ ಪರೀಕ್ಷೆ ಮಾಡಿಸುವವನು ಇಪ್ಪತ್ತರಿಂದ ನುಂಗುತ್ತಿರುವ ಕೂದಲಿನ ಮಾತ್ರೆಯನ್ನು ವೈದ್ಯರಿಗೆ ಹೇಳದಿದ್ದರೆ ಆ ಅಂಕಿ ದಾರಿ ತಪ್ಪಿಸುತ್ತದೆ. ಕಾರ್ಡಿನಲ್ಲಿ ಇದೂ ಒಂದು ಸಾಲಾಗಬೇಕು. ‘ಶೆಡ್ಯೂಲ್ ಜೆ’ ಕಾಲಕ್ಕೆ ತಕ್ಕಂತೆ ತಿದ್ದುಪಡಿಯಾಗಬೇಕು ಎಂಬ ವಾದವನ್ನೂ ಒಪ್ಪಬಹುದು. ಬೋಳುತನಕ್ಕೆ ಮದ್ದೇ ಇಲ್ಲದ ಕಾಲದಲ್ಲಿ ಮೋಸಗಾರರಿಗೆ ಹಾಕಿದ ಬೇಲಿ ಅದು. ಈಗ ನಿಜವಾದ ಮದ್ದಿದೆ. ಅದು ಎಷ್ಟು ಉಳಿಸುತ್ತದೆ, ಎಷ್ಟು ದಿನ ನುಂಗಬೇಕು, ಏನು ಅಪಾಯ ಎಂಬ ಮೂರನ್ನೂ ಒಟ್ಟಿಗೆ ಹೇಳುವ ಜಾಹೀರಾತಿಗೆ ಅವಕಾಶ ಕೊಟ್ಟು, ಬರೀ ಫೋಟೊ ತೋರಿಸುವ ಜಾಹೀರಾತಿಗೆ ದಂಡ ಹಾಕುವುದು ಸುಮ್ಮನೆ ನಿಷೇಧದ ಪಟ್ಟಿ ಇಟ್ಟುಕೊಂಡು ಕಣ್ಣು ಮುಚ್ಚುವುದಕ್ಕಿಂತ ಮೇಲು.

ಮುಂದೆ ಬರುವ ಮದ್ದುಗಳು ಈ ಪ್ರಶ್ನೆಯನ್ನು ಇನ್ನಷ್ಟು ತುರ್ತಾಗಿಸಲಿವೆ. ಕಿಣ್ವದ ಎರಡು ಮುಖ್ಯ ಬಗೆಗಳನ್ನೂ ತಡೆಯುವ ಡ್ಯುಟಾಸ್ಟರೈಡ್ ದಕ್ಷಿಣ ಕೊರಿಯಾದಲ್ಲಿ 2009ರಿಂದ, ಜಪಾನಿನಲ್ಲಿ 2015ರಿಂದ ಕೂದಲಿಗೆ ಬಳಕೆಯಲ್ಲಿದೆ. ಅದು ದೇಹದಲ್ಲಿ ಎಷ್ಟು ದಿನ ಉಳಿಯುತ್ತದೆಂದರೆ, ಅದನ್ನು ನುಂಗಿದವರು ರಕ್ತದಾನಕ್ಕೆ ಮೊದಲು ಆರು ತಿಂಗಳು ಕಾಯಬೇಕೆಂದು ಅಮೆರಿಕದಲ್ಲಿ ನಿಯಮವಿದೆ. ಕಿಣ್ವವನ್ನು ಮುಟ್ಟದೆ ಕೂದಲ ಬುಡದಲ್ಲೇ ಹಾರ್ಮೋನಿನ ದಾರಿ ಕಟ್ಟುವ, ಮೊಡವೆಗೆಂದು 2020ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಲಾಸ್ಕೊಟೆರೋನನ್ನು ಬೋಳುತಲೆಗೂ ಪರೀಕ್ಷಿಸಲಾಗುತ್ತಿದೆ. ನೆತ್ತಿಯಲ್ಲೇ ನಿಲ್ಲುವ ಮದ್ದು ನಿಜಕ್ಕೂ ಬಂದರೆ ಸಂತೋಷವೇ. ಅದು ನೆತ್ತಿಯಲ್ಲೇ ನಿಂತಿತೋ ಇಲ್ಲವೋ ಎಂಬುದನ್ನು ಹೇಳಬೇಕಾದ್ದು ವರ್ಷಗಟ್ಟಲೆ ಬಳಸಿದವರ ರಕ್ತ, ಮನಸ್ಸು ಮತ್ತು ಸಂಸಾರಗಳ ದಾಖಲೆ. ಅಂಥ ದಾಖಲೆ ಇಡುವ ವ್ಯವಸ್ಥೆಯನ್ನು ಈಗಿರುವ ಮದ್ದಿನಿಂದಲೇ ಶುರು ಮಾಡದಿದ್ದರೆ, ಮುಂದಿನ ಮದ್ದು ಬಂದಾಗಲೂ ನಾವು ಕಂಪನಿಯ ಜಾಹೀರಾತು ಮತ್ತು ನೆರೆಹೊರೆಯ ಅಂಜಿಕೆಗಳ ನಡುವೆಯೇ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.